ನಾನು ನೋಡದ ಆಸ್ಪತ್ರೆ

ನಮ್ಮ ಅಧ್ಯಕ್ಷರ ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕರ್ಧ ಕಪ್ಪಗಿತ್ತು. ಯಾವಾಗಲೋ ಕಾರಿನ ಬಾಗಿಲಿಗೆ ಸಿಕ್ಕಿ ಜಜ್ಜಿದ್ದಂತೆ. ಸಭೆಯಲ್ಲಿ ಕಾಗದಪತ್ರ ಓದುವಾಗ ಆ ಬೆರಳನ್ನು ಸಾಲಿನ ಕೆಳಗಿಟ್ಟು ನಿಧಾನಕ್ಕೆ ಸರಿಸುತ್ತಿದ್ದರು. ಎಂಟು ಆಸ್ಪತ್ರೆಗಳ ದೊಡ್ಡ ಡಾಕ್ಟರುಗಳು ಗಡಿಯಾರ ನೋಡುತ್ತ ಕೂತಿದ್ದರೂ ಅವರಿಗೆ ಅವಸರವೆಂಬುದೇ ಇರಲಿಲ್ಲ.

ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮಿನಲ್ಲಿ ಮೂರು ಆಸ್ಪತ್ರೆ ಸೇರಿ ಶುರುಮಾಡಿದ ಜಾಲ ನಮ್ಮದು. ಅಧ್ಯಕ್ಷರು ಧಾರವಾಡದ ಕಡೆಯ ಡಾಕ್ಟರು. ನಾನು ಮೈಸೂರಿನವಳು, ಸಂಯೋಜಕಿ. ಅಂದರೆ ಲೀಡ್ಸ್‌ನವರಿಗೂ ಮ್ಯಾಂಚೆಸ್ಟರ್‌ನವರಿಗೂ ದಿನವಿಡೀ ಫೋನು ಮಾಡಿ ಬೈಸಿಕೊಳ್ಳುವವಳು. ಹೊಸ ಆಸ್ಪತ್ರೆ ಸೇರುವ ಮುನ್ನ ನಾನು ಅಲ್ಲಿಗೆ ಹೋಗಿ, ಸಂಶೋಧನೆಗೆ ರೋಗಿಗಳ ಒಪ್ಪಿಗೆ ಹೇಗೆ ಪಡೆಯುತ್ತಾರೆಂದು ನೋಡಿ ಫಾರಂ ತುಂಬಬೇಕು. ಅದರ ಮೇಲೆ ಅಧ್ಯಕ್ಷರ ಸಹಿ. ಪ್ರತಿ ಸಲವೂ ಅದೇ ಪ್ರಶ್ನೆ: "ಖುದ್ದ ಹೋಗಿ ನೋಡಿ ಬಂದಿ ಹೌದಿಲ್ಲೊ, ತಂಗಿ?"

ಅವರದೊಂದು ರೂಢಿಯಿತ್ತು. ಯಾವ ಆಸ್ಪತ್ರೆಗೆ ಹೋದರೂ ಮೊದಲು ಮೀಟಿಂಗ್ ಕೋಣೆಗೆ ಹೋಗುವವರಲ್ಲ. ಕೋಟು ಕಳಚಿ ತೋಳಿಗೆ ಹಾಕಿಕೊಂಡು ರೋಗಿಗಳ ನಡುವೆ ಅರ್ಧ ಗಂಟೆ ಸುಮ್ಮನೆ ಕೂರುವರು. "ಅಲ್ಲೇನ್ ಸಿಗುತ್ತೆ ಸರ್?" ಎಂದರೆ, "ಮೀಟಿಂಗಿನ್ಯಾಗ ಸಿಗಲಾರದ್ದು ಸಿಗತದ" ಎಂದು ನಗುವರು. ಅಷ್ಟು ಹೊತ್ತೂ ಎಲ್ಲರಿಗೂ ಸಬೂಬು ಹೇಳುತ್ತ ನಿಲ್ಲಬೇಕಾದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹತ್ತನೆಯ ಆಸ್ಪತ್ರೆ ಸೇರುವ ವಾರ ಮಗಳಿಗೆ ಚಿಕನ್‌ಪಾಕ್ಸ್. ಇಲ್ಲಿ ಡಾಕ್ಟರಿಕೆ ಮಾಡಲು ಬೇಕಾದ ಪರೀಕ್ಷೆಗೆ ಮೂರನೆಯ ಸಲ ಕೂತಿದ್ದ ಗಂಡ ಊರಲ್ಲಿರಲಿಲ್ಲ. ಆ ಆಸ್ಪತ್ರೆಯ ನರ್ಸಿಗೆ ಫೋನಿನಲ್ಲೇ ಎಲ್ಲ ಕೇಳಿ ಫಾರಂ ತುಂಬಿಬಿಟ್ಟೆ. ಅಧ್ಯಕ್ಷರು ಎಂದಿನಂತೆ ಕೇಳಿದರು. "ಹೂಂ ಸರ್, ಹೋಗಿದ್ದೆ" ಅಂದೆ. ಎಷ್ಟು ಸಲೀಸಾಗಿ ಬಂತಪ್ಪ ಸುಳ್ಳು!

ನಾಲ್ಕು ತಿಂಗಳಾದ ಮೇಲೆ ಅವರು ಅಲ್ಲಿಗೆ ಹೋದರು. ಪಕ್ಕದಲ್ಲಿ ಕೂತಿದ್ದ ಗುಜರಾತಿ ಅಜ್ಜಿಯೊಬ್ಬರು, ಇಲ್ಲಿಯವರು ನನ್ನ ರಕ್ತ ಯಾಕೆ ಎರಡೆರಡು ಸಲ ತೆಗೀತಾರೆ ಎಂದು ಹಿಂದಿಯಲ್ಲಿ ಕೇಳಿದರಂತೆ. ಒಂದು ಸಲದ್ದು ಸಂಶೋಧನೆಗೆಂದು ಅಜ್ಜಿಗೆ ಯಾರೂ ತಿಳಿಸಿರಲಿಲ್ಲ; ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಮಗ. ಅಂಥ ಪತ್ರಗಳು ಇನ್ನೂ ಎಷ್ಟೋ ಇದ್ದವು. ಅಲ್ಲಿ ದುಭಾಷಿಯೇ ಇರಲಿಲ್ಲ. ನಾನು ಹೋಗಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಅಲ್ಲಿಯ ಕೆಲಸವನ್ನು ಅವತ್ತೇ ನಿಲ್ಲಿಸಿದರು. ಮರುದಿನ ನನ್ನನ್ನು ಕರೆದು ಬಾಗಿಲು ಹಾಕಿದರು.

"ನೀ ಹೋಗಿದ್ದಿಲ್ಲ."

"ಇಲ್ಲ ಸರ್."

"ನಿನ್ನ ವರ್ಕ್ ಪರ್ಮಿಟ್ ಈ ನೌಕರಿ ಮ್ಯಾಲೇ ಅದ ಏನು?"

ಹೌದೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ. ವಿಚಾರಣೆ ನಡೆದಾಗ, ಅಲ್ಲಿಗೆ ಹೋಗುವುದು ಬೇಡವೆಂದು ತಾವೇ ನನಗೆ ಹೇಳಿದ್ದಾಗಿ ಬರೆದುಕೊಟ್ಟರು. ಅಧ್ಯಕ್ಷ ಸ್ಥಾನ ಹೋಯಿತು. ಆಮೇಲೆ ಯಾವ ಸಭೆಗೂ ಅವರನ್ನು ಕರೆಯಲಿಲ್ಲ. ಕರೆಯುವ ಪತ್ರಗಳನ್ನು ಕಳಿಸುತ್ತಿದ್ದವಳು ನಾನೇ.

ಮೂರು ವರ್ಷದ ಮೇಲೆ ಅವರು ತೀರಿಕೊಂಡರು. ಲೆಸ್ಟರ್‌ನ ಚಿತಾಗಾರದಲ್ಲಿ ನಮ್ಮ ಸರದಿಗೆ ಕಾದು ಕೂತಾಗ ನನಗೆ ಏನೂ ಅನ್ನಿಸಲಿಲ್ಲ. ಅಳು ಬರಲಿಲ್ಲ. ಕಾರ್ ಪಾರ್ಕಿಂಗ್ ಚೀಟಿಯ ಹೊತ್ತು ಮುಗಿಯುತ್ತದೆಂಬುದಷ್ಟೇ ತಲೆಯಲ್ಲಿತ್ತು.

ಹೊರಗೆ ಬಂದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನೀ ಅವರ ಜೋಡಿನೇ ಇದ್ದಿ. ಖರೇ ಹೇಳವಾ. ಹೋಗೂದು ಬ್ಯಾಡ ಅಂತ ಅವರು ಅಂದಿದ್ರೇನು? ಅವರು ಹಂಗ ಅನ್ನೋ ಪೈಕಿ ಅಲ್ಲ. ಎಷ್ಟು ಕೇಳಿದ್ರೂ ನನಗ ಹೇಳಲಿಲ್ಲ."

ಆ ಹೊತ್ತಿಗೆ ಗಂಡನಿಗೆ ಕೆಲಸ ಸಿಕ್ಕಿತ್ತು. ನಮಗೆ ಇಲ್ಲೇ ನೆಲೆಸಲು ಅನುಮತಿಯೂ ಸಿಕ್ಕಿತ್ತು. ಯಾರೂ ನನ್ನನ್ನು ಏನೂ ಮಾಡುವಂತಿರಲಿಲ್ಲ.

"ಹೌದಮ್ಮ, ಅಂದಿದ್ರು" ಎಂದೆ.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಕೈ ಬಿಟ್ಟರು.