ಗೋಡೆ ದಾಟದ ವೈಫೈ

ಪಕ್ಕದ ಮನೆಯ ಕಾಕು ನಮ್ಮ ವೈಫೈ ಪಾಸ್‌ವರ್ಡನ್ನು ಮೊಸರಿಗೆ ಹೆಪ್ಪು ಕೇಳಿದಷ್ಟೇ ಸಲೀಸಾಗಿ ಕೇಳಿ ಒಯ್ದಿದ್ದರು. ನಾನೂ ಕೊಟ್ಟಿದ್ದೆ. ಸವಣೂರಿನ ನಮ್ಮ ಓಣಿಯಲ್ಲಿ ಕೇಳಿದ್ದಕ್ಕೆ ಇಲ್ಲ ಅನ್ನುವ ರೂಢಿ ಇಲ್ಲ. ಬಂದ ಬಟ್ಟಲನ್ನು ಖಾಲಿ ವಾಪಸ್ ಕಳಿಸುವ ರೂಢಿಯಂತೂ ಇಲ್ಲವೇ ಇಲ್ಲ.

ಸಂಜೆ ನಾನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಕಡೆಯ ಮಕ್ಕಳು. ಅದೇ ಹೊತ್ತಿಗೆ ಕಾಕು ನಮ್ಮ ವೈಫೈಯಿಂದ ಟಿವಿಯಲ್ಲಿ ಧಾರಾವಾಹಿ ಹಚ್ಚುತ್ತಿದ್ದರು. ಅಲ್ಲಿ ಅತ್ತೆ ಸೊಸೆಯ ಜಗಳ ಸರಾಗವಾಗಿ ಸಾಗುತ್ತಿತ್ತು, ಇಲ್ಲಿ ನಾನು ಮಕ್ಕಳ ಪರದೆಯ ಮೇಲೆ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿದ್ದೆ. ಅದನ್ನೂ ಸಹಿಸಿದ್ದೆ. ಆದರೆ ಹಿರೇಕೆರೂರಿನ ಒಂದು ಮದುವೆಯಲ್ಲಿ, ನಾನು ಹಿಂದಿನ ಪಂಕ್ತಿಯಲ್ಲೇ ಊಟಕ್ಕೆ ಕೂತದ್ದು ಗೊತ್ತಿಲ್ಲದೆ, ಕಾಕು ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಗೆ ಹೇಳಿದರು: "ಆಕೀ ಕ್ಲಾಸ್ ಬ್ಯಾಡ್ರಿ. ನಿಂತ ನಿಂತ ಬರ್ತೈತಿ. ಹುಡುಗೂರ ತಲಿಗೆ ಏನೂ ಹತ್ತೂದಿಲ್ಲ." ಆ ಹುಡುಗಿಯ ಜೊತೆ ಅವಳ ಗೆಳತಿಯರೂ ಕ್ಲಾಸು ಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಪಾಸ್‌ವರ್ಡ್ ಬದಲಿಸಬಹುದಿತ್ತು. ಆದರೆ ಮರುದಿನವೇ ಬಂದು ಕೇಳುತ್ತಾರೆ, ಮುಖ ನೋಡಿ ಇಲ್ಲ ಅನ್ನಬೇಕು, ಓಣಿಯಲ್ಲಿ ನಾನೇ ಕೆಟ್ಟವಳಾಗಬೇಕು. ಕೈತುಂಬ ಕೊಟ್ಟಂತೆ ಕಾಣಬೇಕು, ಅವರಿಗೆ ಮಾತ್ರ ಏನೂ ದಕ್ಕಬಾರದು. ಅಂಥ ಉಪಾಯ ನನಗೆ ಬೇಕಾಗಿತ್ತು.

ಹೊಸ ವೈಫೈ ಸಿಕ್ಸ್ ರೂಟರ್ ಕೂಡಿಸಲು ಬಂದ ಅಂಗಡಿಯವನ ಬಾಯಿಂದಲೇ ಅದು ಬಂತು. "ಅಕ್ಕಾರ, ಸ್ಪೀಡ್ ಭಾಳ ಐತ್ರಿ, ಎಷ್ಟ ಮಂದಿ ಹಚ್ಕೊಂಡ್ರೂ ನಿಲ್ಲೂದಿಲ್ಲ. ಆದ್ರ ಸ್ಪೀಡಿನ ಬ್ಯಾಂಡ್, ಅಂದ್ರ ಸಿಗ್ನಲ್, ನಿಮ್ಮ ಮಣ್ಣಿನ ಗ್ವಾಡಿ ದಾಟೂದಿಲ್ಲ. ಅದಕ್ಕ ಗ್ವಾಡಿ ದಾಟೂ ಹಳೇ ಬ್ಯಾಂಡನ್ನೂ ಚಾಲೂ ಇಡ್ತೇನಿ."

"ಬ್ಯಾಡ, ಅದನ್ನ ಬಂದ್ ಮಾಡ್ರಿ," ಎಂದೆ.

ಅಂದು ಸಂಜೆಯೇ ಕಾಕು ಬಂದರು. "ಯಾಕೋ ವೈಫೈ ಹತ್ತವಲ್ದು ನೋಡವಾ." ನಾನು ನಗುನಗುತ್ತ ಹೊಸ ಪಾಸ್‌ವರ್ಡನ್ನು ಅವರ ಫೋನಿನಲ್ಲಿ ಒತ್ತಿಕೊಟ್ಟೆ, ಚಹಾನೂ ಕೊಟ್ಟೆ. ನಮ್ಮ ಪಡಸಾಲೆಯಲ್ಲಿ ಹತ್ತಿತು, ಅವರ ಮನೆ ಹೊಕ್ಕ ಕೂಡಲೇ ಹೋಯಿತು. ಕಾಕು ಫೋನ್ ಎತ್ತಿ ಹಿಡಿದು ಹಿತ್ತಲು, ಕಟ್ಟೆ ಎಲ್ಲ ಸುತ್ತುವುದನ್ನು ಕಿಟಕಿಯಿಂದ ಕಣ್ತುಂಬ ನೋಡಿದೆ. ಸುಳ್ಳು ಯಾಕೆ, ಹೊಟ್ಟೆ ತಣ್ಣಗಾಯಿತು. ಕ್ಲಾಸು ಎಲ್ಲೂ ನಿಲ್ಲದೆ ನಡೆಯಿತು. ಬಿಟ್ಟುಹೋದ ಹುಡುಗಿಯರಲ್ಲಿ ಒಬ್ಬಳು ಮರಳಿ ಬಂದಳು.

ಸಿಟ್ಟಿನ ಭರದಲ್ಲಿ ನಾನು ಮರೆತದ್ದು ಅವ್ವನನ್ನು. ಅವಳ ಕೋಣೆಯೂ ಮಣ್ಣಿನ ಗೋಡೆಯ ಆಚೆಗೇ ಇದೆ, ಅವಳ ಹಳೆಯ ಫೋನಿಗೆ ಹೊಸ ಬ್ಯಾಂಡ್ ಕಾಣುವುದೂ ಇಲ್ಲ. ಮನೆಯೊಳಗೆ ಮೊಬೈಲ್ ನೆಟ್ ಸಿಗುವುದು ಅಪರೂಪ. ತಿಳವಳ್ಳಿಯಲ್ಲಿರುವ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ಈಗ ಕಿವಿ ಪೂರ್ತಿ ಹೋಗಿದೆ. ಹಾಗಾಗಿ ಅಕ್ಕತಂಗಿಯರದ್ದು ದಿನಾ ಸಂಜೆ ವಿಡಿಯೋದಲ್ಲಿ ಕೈಸನ್ನೆಯ ಮಾತು. ಅದಾಗದೆ ಅವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದೇ ಹೊತ್ತಿಗೆ ನಾನು ಕ್ಲಾಸಿನಲ್ಲಿ ಮುಳುಗಿರುತ್ತಿದ್ದೆ. ಅವ್ವನ ಫೋನು ಹತ್ತದ್ದು ನನ್ನ ಗಮನಕ್ಕೇ ಬರಲಿಲ್ಲ.

ಅಷ್ಟರಲ್ಲಿ ಕಾಕು ತಮ್ಮದೇ ಕನೆಕ್ಷನ್ ಹಾಕಿಸಿಕೊಂಡರು, ಹಳೇ ನಮೂನೆಯ ರೂಟರಿನದು, ಅವ್ವನ ಫೋನಿಗೂ ಹತ್ತುವಂಥದ್ದು. ಒಂದು ಸಂಜೆ ಕ್ಲಾಸು ಮುಗಿಸಿ ನೋಡಿದರೆ ಅವ್ವ ಕೋಣೆಯಲ್ಲಿ ಇಲ್ಲ. ಕಾಕುವಿನ ಕಟ್ಟೆಯ ಮೇಲಿದ್ದಳು. ಕಾಕು ಧಾರಾವಾಹಿ ಬಿಟ್ಟು ಅವ್ವನ ಮುಂದೆ ಅವಳ ಫೋನ್ ಹಿಡಿದು ಕೂತಿದ್ದರು, ಅವ್ವ ಎರಡೂ ಕೈಯಾಡಿಸುತ್ತ ತಂಗಿಯ ಜೊತೆ ಮಾತಾಡುತ್ತಿದ್ದಳು.

ನಾನು ಒಳಗೆ ಹೋಗಿ ಹಳೆಯ ಬ್ಯಾಂಡ್ ಚಾಲೂ ಮಾಡಿದೆ. ಅವ್ವ ಬಂದ ಮೇಲೆ ಹೇಳಿದೆ: "ಇನ್ನ ನಿನ್ನ ಖೋಲ್ಯಾಗ ಹತ್ತತೈತಿ. ಅಲ್ಲಿ ಹೋಗಬ್ಯಾಡ."

"ಇರ್ಲಿ ಬಿಡ," ಎಂದಳು ಅವ್ವ. "ನನಗ ಎರಡೂ ಕೈ ಬೇಕಾಗ್ತಾವ. ಫೋನ್ ಹಿಡ್ಯಾಕ ಆಕಿ ಅದಾಳ. ನೀ ಕ್ಲಾಸಿನ್ಯಾಗ ಇರ್ತಿ."

ಅವಳ ಕೈಯಲ್ಲಿ ಕಾಕು ಕೊಟ್ಟ ಬಟ್ಟಲಿತ್ತು, ಅದರ ತುಂಬ ಚಹಾದ ಜೊತೆ ಮೆಲ್ಲುವ ಖಾರ. ಕಾಕುವಿನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಆ ಬಟ್ಟಲನ್ನು ಖಾಲಿ ಕಳಿಸುವ ಹಾಗಿಲ್ಲ. ನಾಳೆ ಏನಾದರೂ ತುಂಬಿಕೊಂಡು ಹೋಗಿ ನಾನೇ ಕೊಡಬೇಕು.