ಕರು ಸತ್ತ ಎಮ್ಮೆಯ ಔಷಧ

ಆಕ್ಸಿಟೋಸಿನ್ ಎಂಬ ಪದವನ್ನು ಅಕ್ಕನಿಗೆ ಕಲಿಸಿದವಳು ನಾನು. ಬಳ್ಳಾರಿಯಲ್ಲಿ ಬಯೋಕೆಮಿಸ್ಟ್ರಿ ಓದುತ್ತಿದ್ದಾಗ ರಜೆಗೆಂದು ದೇಶನೂರಿನ ಮನೆಗೆ ಹೋಗಿದ್ದೆ. ನಮ್ಮ ಎಮ್ಮೆಯ ಕರು ಸತ್ತಿತ್ತು. ಕರು ಬಾಯಿ ಹಾಕದೆ ಆ ಎಮ್ಮೆ ಹಾಲು ಇಳಿಸುತ್ತಿರಲಿಲ್ಲ. ಹಾಗಾಗಿ ಸತ್ತ ಕರುವಿನ ಚರ್ಮ ಸುಲಿಸಿ, ಒಳಗೆ ಭತ್ತದ ಹುಲ್ಲು ತುಂಬಿ ಹೊಲಿಸಿಟ್ಟಿದ್ದರು. ಹಾಲು ಕರೆಯುವ ಹೊತ್ತಿಗೆ ಅವ್ವ ಅದರ ಬೆನ್ನಿಗೆ ಉಪ್ಪುನೀರು ಚಿಮುಕಿಸಿ ಎಮ್ಮೆಯ ಮುಂದೆ ನಿಲ್ಲಿಸುತ್ತಿದ್ದಳು. ಎಮ್ಮೆ ಅದನ್ನು ನೆಕ್ಕುತ್ತಾ ನಿಂತರೆ, ಅಕ್ಕ ಕೂತು ಹಾಲು ಕರೆಯುತ್ತಿದ್ದಳು. ಒಂದು ದಿನ ಅವಳು ತಂಬಿಗೆ ಕೆಳಗಿಟ್ಟು ಎದ್ದಳು.

"ದಿನಾ ಇದಕ್ಕ ಸುಳ್ಳು ತೋರಿಸಿ ಹಿಂಡೂದು ನನ್ನ ಕೈಲಿ ಆಗಂಗಿಲ್ಲ. ಸೂಜಿನಾದ್ರೂ ಹಾಕಿಸ್ರಿ."

ಅಪ್ಪ ಲೇಬಲ್ಲಿಲ್ಲದ ಸಣ್ಣ ಬಾಟಲಿ ತಂದ. ಹೀಗೆ ಬಳಸುವುದು ಕಾನೂನಿಗೆ ವಿರುದ್ಧ ಎಂದು ಹೇಳಿದೆ.

"ಕಾನೂನು ಬಂದು ಎಮ್ಮಿ ಹಿಂಡತೈತೇನವ್ವ?" ಎಂದು ಅಪ್ಪ ಸಿರಿಂಜಿಗೆ ಔಷಧ ಎಳೆದುಕೊಂಡ.

ಅದರೊಳಗೇನಿದೆ ಎಂದು ಅಕ್ಕ ಕೇಳಿದಳು. ಅದು ತಾಯಿಯ ಮೆದುಳಿನಲ್ಲೇ ಹುಟ್ಟುವ ಹಾರ್ಮೋನು, ಕರು ಕೆಚ್ಚಲಿಗೆ ಬಾಯಿ ಹಾಕಿದರೆ ತಾನಾಗಿ ಹೊರಡುತ್ತದೆ, ಕರು ಇಲ್ಲದಾಗ ಹೊರಗಿನಿಂದ ಕೊಡುತ್ತಾರೆ ಎಂದು ವಿವರಿಸಿದೆ. ಪದದ ಗ್ರೀಕ್ ಮೂಲಕ್ಕೆ ಬೇಗನೆ ಆಗುವ ಹೆರಿಗೆ ಎಂಬ ಅರ್ಥವಿದೆ. ಆದರೆ ಕೊಟ್ಟಿಗೆಯಲ್ಲಿ ನಿಂತು ಅದನ್ನು ಹೇಳುವ ಪ್ರಸಂಗ ಬರಲಿಲ್ಲ. ಅಕ್ಕ ಪದವನ್ನು ಮತ್ತೆ ಮತ್ತೆ ಉಚ್ಚರಿಸಿ ನಾಲಿಗೆಗೆ ಒಗ್ಗಿಸಿಕೊಂಡಳು.

ಆಮೇಲೆ ಅವಳನ್ನು ಕುರುಗೋಡಿಗೆ ಕೊಟ್ಟರು. ಮೊದಲ ಬಸಿರು ಉಳಿಯಲಿಲ್ಲ. ಕೂಸಿನ ಎದೆಬಡಿತ ನಿಂತಿರುವುದು ಸ್ಕ್ಯಾನಿನಲ್ಲಿ ಕಂಡಿದ್ದರೂ ಅವ್ವ ಮರುದಿನದವರೆಗೆ ಅವಳಿಗೆ ತಿಳಿಸಿರಲಿಲ್ಲ. "ಎಲ್ಲಾ ಸರಿ ಐತಿ" ಎಂದು ಊಟ ಮಾಡಿಸಿ ಮಲಗಿಸಿದ್ದಳು. ಅಕ್ಕ ಆ ಮಾತನ್ನು ಮರೆತಿರಲಿಲ್ಲ.

ಎರಡನೆಯ ಸಲ ದಿನ ತುಂಬಿ ತವರಿಗೆ ಬಂದಳು. ಸಿರುಗುಪ್ಪದ ಆಸ್ಪತ್ರೆಯಲ್ಲಿ ನೋವು ಶುರುವಾಗಿ ಮತ್ತೆ ತಣ್ಣಗಾಯಿತು. ಅಲ್ಲಿಂದ ಬಳ್ಳಾರಿಗೆ ಕಳಿಸಿದರು. ನಾನು ಸತ್ಯನಾರಾಯಣಪೇಟೆಯ ನನ್ನ ಕೋಣೆಯಿಂದ ಆಸ್ಪತ್ರೆ ತಲುಪುವ ಹೊತ್ತಿಗೆ ಅಕ್ಕನನ್ನು ಹೆರಿಗೆ ಕೋಣೆಗೆ ಸೇರಿಸಿದ್ದರು. ಜೊತೆಗೆ ಒಬ್ಬರು ಇರಬಹುದು ಎಂದಾಗ ಅವ್ವ ನನ್ನನ್ನು ಒಳಗೆ ಕಳಿಸಿದಳು.

ಡಾಕ್ಟರು ಪರೀಕ್ಷಿಸಿ, "ನೋವು ಸಾಲದು. ಆಕ್ಸಿಟೋಸಿನ್ ಡ್ರಿಪ್ ಶುರು ಮಾಡಿ" ಎಂದು ನರ್ಸಿಗೆ ಹೇಳಿ ಪಕ್ಕದ ಮಂಚಕ್ಕೆ ಹೋದರು. ಹೆರಿಗೆಯಲ್ಲಿ ಇದು ದಿನನಿತ್ಯದ ಮಾತು. ನನಗೆ ಏನೂ ಅನ್ನಿಸಲಿಲ್ಲ. ಅಕ್ಕ ಮಾತ್ರ ಡ್ರಿಪ್ಪಿಗೆಂದು ಮೊದಲೇ ಸೂಜಿ ಚುಚ್ಚಿಟ್ಟಿದ್ದ ಕೈಯನ್ನು ಎದೆಗೆ ಒತ್ತಿಕೊಂಡು ಗೋಡೆಯತ್ತ ಹೊರಳಿದಳು.

"ಕೈ ಕೊಡ್ರಿ ಅಮ್ಮ, ಸೂಜಿ ಹೊರಗ ಬರ್ತೈತಿ" ಎಂದಳು ನರ್ಸು.

ಅಕ್ಕ ಕೊಡಲಿಲ್ಲ. ನನ್ನನ್ನು ನೋಡಿದಳು. "ಇದೂ ಹೋಗೈತೇನ?"

"ಏನು ಹೋಗೈತಿ?"

"ಕೂಸು. ಕರ ಸತ್ತ ಎಮ್ಮಿಗೆ ಹಾಕೂದಲ್ಲೇನ ಅದು? ನೀನ ಹೇಳಿದ್ದಿ."

ಅದೇ ಔಷಧ ಗರ್ಭಕೋಶಕ್ಕೂ ನೋವು ತರಿಸುತ್ತದೆ, ಹೆರಿಗೆಗೇ ಅದು ಇರುವುದು ಎಂದೆ. ನನ್ನ ಮಾತು ನನಗೇ ಪಾಠದಂತೆ ಕೇಳಿಸಿತು. ನರ್ಸು ಹೊಟ್ಟೆಯ ಮೇಲೆ ಯಂತ್ರವಿಟ್ಟು ಕೂಸಿನ ಎದೆಬಡಿತ ಕೇಳಿಸಿದಳು. ಒದ್ದೆ ಬಟ್ಟೆಯನ್ನು ಅವಸರದಲ್ಲಿ ಜಾಲಿಸಿದಂಥ ಸದ್ದು. ಅಕ್ಕ ಅಲ್ಲವೆಂದು ತಲೆಯಾಡಿಸಿದಳು.

"ಅದು ನಂದ ಐತಿ. ನನ್ನ ಎದಿ ಸದ್ದು ನನಗ ಕೇಳಿಸಾಕತ್ತೀರಿ. ಹುಲ್ಲಿನ ಕರ ತೋರಿಸಬ್ಯಾಡ್ರಿ ನನಗ."

ನರ್ಸಿಗೆ ಅರ್ಥವಾಗಲಿಲ್ಲ. "ಯಾವ ಕರು? ಏನವ್ವ ಇವರು, ಓದಿದವರು ನೀವಾದ್ರೂ ಹೇಳ್ರಿ. ತಡ ಆದ್ರ ಆಪರೇಷನ್ನಿಗೆ ಹೋಗಬೇಕಾಗ್ತೈತಿ" ಎಂದು ನನ್ನ ಕಡೆ ತಿರುಗಿದಳು. ಇನ್ನೊಂದು ಮಾತು ಹೇಳಿದರೆ ಅದೂ ಸುಳ್ಳುಗಳ ರಾಶಿಗೆ ಸೇರುತ್ತಿತ್ತು. ನಾನು ಅಕ್ಕನ ಬಲಗೈಯ ಎರಡು ಬೆರಳು ಹಿಡಿದು, ಅವಳದೇ ಎಡ ಮಣಿಕಟ್ಟಿನ ನಾಡಿಯ ಮೇಲಿಟ್ಟೆ. ಯಂತ್ರವನ್ನು ತೆಗೆಯಬೇಡಿ ಎಂದು ನರ್ಸನ್ನು ಕೇಳಿಕೊಂಡೆ.

"ಇದು ನಿಂದು" ಎಂದೆ. "ಅದನ್ನೂ ಕೇಳು. ಎರಡೂ ಒಂದ ಏನು?"

ಅಕ್ಕ ಕಣ್ಣು ಮುಚ್ಚಿದಳು. ತುಟಿಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಎರಡೂ ಒಂದೇ ಆಗಿಬಿಟ್ಟರೆ ಎಂಬ ಭಯ ಆಗ ನನ್ನನ್ನೂ ಹಿಡಿಯಿತು. ಅವಳ ನಾಡಿಯೂ ನೋವಿಗೆ, ಹೆದರಿಕೆಗೆ ಜೋರಾಗಿತ್ತು.

"ಅದು ಮುಂದ ಓಡಾಕತ್ತೈತಿ" ಎಂದಳು ಕೊನೆಗೆ. "ನಂದು ಹಿಂದ ಬೀಳ್ತೈತಿ."

ತಾನಾಗಿಯೇ ಕೈ ಚಾಚಿದಳು. ನರ್ಸು ಡ್ರಿಪ್ ಜೋಡಿಸಿದಳು.

ಬಿಸಿಲು ಇಳಿಯುವ ಮುಂಚೆ ಹೆರಿಗೆಯಾಯಿತು. ಹೆಣ್ಣು ಕೂಸು. ಕುರುಗೋಡಿನವರು ಬಂದು ನೋಡಿ ಹೋದರು. ಎದೆಗೆ ಹಾಲು ಬೇಗ ಇಳಿಯಲಿಲ್ಲ. ಅವ್ವ ನನ್ನನ್ನು ವರಾಂಡಕ್ಕೆ ಕರೆದು, "ಆ ಔಷಧ ಇನ್ನೊಂದೀಟು ಹಾಕಿದ್ರ ಬರತೈತೇನು?" ಎಂದು ಪಿಸುಗುಟ್ಟಿದಳು. ಬಾಗಿಲು ತೆರೆದೇ ಇತ್ತು.

"ಬ್ಯಾಡ. ಕೂಸು ಬಾಯಿ ಹಾಕೈತಿ, ಬರ್ತೈತಿ" ಎಂದಳು ಅಕ್ಕ ಒಳಗಿನಿಂದ.

ನಾನು ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತೆ. ಪತ್ರಿಕೆಗಳಲ್ಲಿ ಈ ಹಾರ್ಮೋನನ್ನು ಪ್ರೀತಿಯ ಹಾರ್ಮೋನು ಎಂದು ಬರೆಯುತ್ತಾರೆ. ಅದನ್ನು ಅಕ್ಕನಿಗೆ ಹೇಳಬೇಕೆನ್ನಿಸಲಿಲ್ಲ.

"ಆ ಎಮ್ಮಿಗೆ ಗೊತ್ತಿತ್ತೇನ, ಕರ ಸತ್ತಿದ್ದು?" ಎಂದು ಅವಳೇ ಕೇಳಿದಳು.

"ಗೊತ್ತಿಲ್ಲಕ್ಕ."

ಕೂಸು ಅಕ್ಕನ ಎದೆಯಲ್ಲೇ ನಿದ್ದೆ ಹೋಯಿತು. ತೊಟ್ಟಿಲಿಗೆ ಹಾಕಲು ಅವ್ವ ಕೈ ಚಾಚಿದರೂ ಅಕ್ಕ ಕೊಡಲಿಲ್ಲ. ಬಟ್ಟೆ ಸರಿಸಿ ಕೂಸಿನ ಪಕ್ಕೆಲುಬಿನ ಮೇಲೆ ಎರಡು ಬೆರಳಿಟ್ಟಳು. ಅವಳಿಗೆ ನಿದ್ದೆ ಹತ್ತಿದ ಮೇಲೂ ಆ ಬೆರಳುಗಳು ಅಲ್ಲಿಂದ ಸರಿಯಲಿಲ್ಲ.