ನಾನು ಕುಣಿದೆನಂತೆ

ಇಂಥ ಸಂಗತಿಗಳನ್ನು ನಾನು ನಂಬುತ್ತಿದ್ದವಳಲ್ಲ. ನಮ್ಮ ಓಣಿಯಲ್ಲಿ ಯಾರಿಗಾದರೂ ಮೈಮೇಲೆ ದೇವರು ಬಂದರೆ ಉಳಿದವರು ಕುಂಕುಮ ಹಿಡಿದು ಓಡುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿಕೊಂಡು ಅನ್ನಕ್ಕಿಡುತ್ತಿದ್ದೆ. ಮನೆಯಲ್ಲಿ ಯಾರೂ ಮಾತು ಕೇಳದ ಹೆಂಗಸರಿಗೆ ಹೀಗೆಲ್ಲ ಆಗುತ್ತದೆ ಎಂಬುದು ನನ್ನ ತಿಳಿವಳಿಕೆ. ಈಗಲೂ ಹೆಚ್ಚುಕಡಿಮೆ ಅದೇ ಇದೆ. ಆದರೂ ಕೆಲವು ವರ್ಷಗಳ ಹಿಂದೆ ನನಗೇ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ನೀವು ಏನು ಬೇಕಾದರೂ ಅಂದುಕೊಳ್ಳಿ.

ನನ್ನ ತವರು ಗಡಹಿಂಗ್ಲಜ. ಮದುವೆಯಾಗಿ ಇಚಲಕರಂಜಿಗೆ ಬಂದ ಮೇಲೆ ಪಕ್ಕದ ಕೊರೋಚಿಯ ಒಂದು ಮಗ್ಗದ ಕಾರಖಾನೆಯಲ್ಲಿ ಕಾಂಡಿ ತುಂಬುವ, ಅಂದರೆ ಲಾಳಿಗೆ ನೂಲು ಸುತ್ತಿಕೊಡುವ ಕೆಲಸಕ್ಕೆ ಸೇರಿದೆ. ಗಂಡ ಅಲ್ಲಿಯೇ ಮಗ್ಗ ನಡೆಸುತ್ತಾರೆ. ಆ ತಿಂಗಳು ಜೊತೆಗಾರ್ತಿಯೊಬ್ಬಳು ಹೆರಿಗೆಗೆ ಹೋಗಿದ್ದಳು, ಅವಳ ಪಾಲಿನ ಕೆಲಸವೂ ನನ್ನ ಮೇಲೆ ಬಿದ್ದಿತ್ತು. ಮನೆಯಲ್ಲಿ ಅತ್ತೆ ಕಾಲು ಮುರಿದುಕೊಂಡು ಮಲಗಿದ್ದರು. ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿದ್ದ ದಿನಗಳು ಅವು.

ಮಗಳು ಕಾವ್ಯಾಳಿಗೆ ಆಗ ಒಂಬತ್ತು, ಮಗ ಸಮರ್ಥನಿಗೆ ಆರು. ರವಿವಾರ ಮಧ್ಯಾಹ್ನ ಕೊಲ್ಹಾಪುರದ ನಾಟ್ಯಗೃಹವೊಂದರಲ್ಲಿ ಹಾಡು-ಕುಣಿತದ ಕಾರ್ಯಕ್ರಮವಿತ್ತು. ಶಾಲೆಯಲ್ಲಿ ಪಾಸು ಸಿಕ್ಕಾಗಿನಿಂದ ಮಗಳು ಅದೇ ಜಪ ಮಾಡುತ್ತಿದ್ದಳು. ಅದಕ್ಕೂ ಮೊದಲು ಎರಡು ಸಲ ಎಲ್ಲಿಗೋ ಕರೆದೊಯ್ಯುತ್ತೇನೆಂದು ಹೇಳಿ ನಾನು ತಪ್ಪಿಸಿದ್ದೆ. ಶನಿವಾರ ಸಂಜೆ ಅವಳು, "ಅವ್ವಾ, ನಿನಗ ಆಗಾಂಗಿಲ್ಲ, ನಂಗ ಗೊತ್ತೈತಿ. ಪಾಸ್ ಬ್ಯಾರೆಯವರಿಗೆ ಕೊಟ್ಟಬಿಡ್ಲೇನು?" ಎಂದಳು. ಸಿಟ್ಟಿನಿಂದ ಕೇಳಿದ್ದರೆ ಗದರಿಸಿ ಸುಮ್ಮನಾಗುತ್ತಿದ್ದೆ. ಸಿಟ್ಟೇ ಇರಲಿಲ್ಲ. ಮರುದಿನ ಹೊರಟೆವು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಂತೇ ಹೋದದ್ದು. ನಾಟ್ಯಗೃಹದೊಳಗೆ ತಂಪಿತ್ತು, ಕುರ್ಚಿ ಮೆತ್ತಗಿತ್ತು. ನನ್ನ ಎಡಕ್ಕೆ ಮಕ್ಕಳು, ಬಲಕ್ಕೆ ಕಾಗಲದ ಕಡೆಯ ಒಬ್ಬ ಅಜ್ಜಿ. ಪರದೆ ಸರಿಯಿತು, ಢೋಲಕಿ ಶುರುವಾಯಿತು, ಹಸಿರು ಸೀರೆಯ ಹುಡುಗಿಯರು ಸಾಲಾಗಿ ಬಂದರು. ನನಗೆ ನೆನಪಿರುವುದು ಅಷ್ಟೇ.

ಎಚ್ಚರವಾದಾಗ ದೀಪಗಳು ಹತ್ತಿದ್ದವು, ಜನ ಏಳುತ್ತಿದ್ದರು. ಮಗ ನನ್ನ ತೋಳು ಹಿಡಿದು ಜಗ್ಗುತ್ತಿದ್ದ. ಮಗಳ ಮುಖ ಕೆಂಪಾಗಿತ್ತು.

"ಅವ್ವಾ, ಎಷ್ಟ ಛಲೋ ಕುಣದಿ! ನಿಂಗ ಕುಣೀಲಿಕ್ಕೆ ಬರತೈತಿ ಅಂತ ಯಾಕ ಹೇಳಿರಲಿಲ್ಲ?"

ಕೊನೆಯ ಹಾಡಿಗೆ ನಿರೂಪಕಿ ಹೆಂಗಸರನ್ನು ಮೇಲೆ ಕರೆದಳಂತೆ. ನಾನು ಪರ್ಸು ಮಗಳ ತೊಡೆಯ ಮೇಲಿಟ್ಟು, ಚಪ್ಪಲಿ ಬಿಟ್ಟು ಹೋದೆನಂತೆ. ಮೊದಲು ಮೂಲೆಯಲ್ಲಿದ್ದವಳು ಆಮೇಲೆ ನಡುವೆ ಬಂದೆನಂತೆ. ಢೋಲಕಿಯವನು ನನ್ನ ಕಾಲನ್ನೇ ನೋಡಿ ಬಾರಿಸಿದನಂತೆ. ಪರ್ಸು ನಿಜವಾಗಿಯೂ ಮಗಳ ಕೈಯಲ್ಲಿತ್ತು.

ನಾನು ನಕ್ಕುಬಿಟ್ಟೆ. ಪಕ್ಕದ ಅಜ್ಜಿಯೂ ನಕ್ಕು, "ಎಲ್ಲಿ ಕುಣೀತೀ ಮಗಳ, ಶುರುವಿನಿಂದ ನನ್ನ ಹೆಗಲ ಮ್ಯಾಲ ಮಲಗೀದಿ. ಎಬ್ಬಿಸಬಾರದಂತ ನಾ ಅಳ್ಳಾಡಲಿಲ್ಲ," ಎಂದರು. ಅವರ ಸೆರಗಿನ ಮೇಲೆ ನನ್ನ ಹಣೆಯ ಕುಂಕುಮ ಹತ್ತಿತ್ತು.

ಮಕ್ಕಳು ಒಪ್ಪಲಿಲ್ಲ. ವಾದ ಮಾಡುತ್ತಲೇ ಹೊರಗೆ ಬಂದೆವು. ನೀರಿನ ನಲ್ಲಿಯ ಹತ್ತಿರ ಕುಣಿದ ಹುಡುಗಿಯರಲ್ಲಿ ಒಬ್ಬಳು ಗೆಜ್ಜೆ ಬಿಚ್ಚುತ್ತ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. "ಮಾವಶೀ, ಕಾಯ ನಾಚಲಾತ! ಏನ್ ಕುಣದ್ರಿ! ಎಲ್ಲಿ ಕಲತ್ರಿ?" ಎಂದಳು.

ಅಜ್ಜಿ ನನ್ನ ಹಿಂದೆಯೇ ಇದ್ದರು. ಅವಳ ಮಾತು ಕೇಳಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೆರಗು ಹೊದ್ದುಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಸರಸರ ನಡೆದುಬಿಟ್ಟರು.

ನನ್ನ ಮೀನಖಂಡ ನೋಯುತ್ತಿತ್ತು, ನಿಜ. ಆದರೆ ಅದು ದಿನವೂ ನೋಯುತ್ತದೆ. ತಿರುಗಿ ಬರುವಾಗ ಮಗ ನಿದ್ದೆ ಹೋದ. ಮಗಳು ನನ್ನ ಕೈ ಬಿಡಲೇ ಇಲ್ಲ. ಯಾರೋ ದೊಡ್ಡವರ ಪಕ್ಕದಲ್ಲಿ ಕೂತವಳ ಹಾಗೆ ಆಗಾಗ ನನ್ನ ಮುಖ ನೋಡುತ್ತಿದ್ದಳು. ಹಾಗೆ ಅವಳು ನನ್ನನ್ನು ಎಂದೂ ನೋಡಿರಲಿಲ್ಲ. 'ನಾನಲ್ಲ' ಎನ್ನಲು ನನಗೆ ಬಾಯಿ ಬರಲಿಲ್ಲ.

ಗಂಡನಿಗೆ ಹೇಳಿದೆ. ಅವರು, "ನೀ ಭಾಳ ದಣದಿ. ಎರಡ ದಿನ ರಜಾ ಹಾಕ," ಎಂದರು. ರಜೆ ಸಿಗಲಿಲ್ಲ. ಗಡಹಿಂಗ್ಲಜಕ್ಕೆ ಫೋನು ಮಾಡಿ, ನಾನು ಚಿಕ್ಕಂದಿನಲ್ಲಿ ಎಂದಾದರೂ ಕುಣಿದಿದ್ದೆನೇ ಎಂದು ಅವ್ವನನ್ನು ಕೇಳಿದರೆ, ನಾನು ಮದುವೆಯ ಮೆರವಣಿಗೆಯಲ್ಲೂ ಕೈ ಎತ್ತಿ ಕುಣಿದವಳಲ್ಲ ಎಂದಳು.

ಮೊನ್ನೆ ಮೊನ್ನೆ ಒಂದು ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ಏನು ತಿಳಿಯಿತೋ, ಮಂಚ ಸರಿಸಿ, ಮೊಬೈಲಿನಲ್ಲಿ ಒಂದು ಢೋಲಕಿಯ ಹಾಡು ಹಚ್ಚಿ, ನಡುಮನೆಯಲ್ಲಿ ನಿಂತೆ. ಕಾಲು ಏಳಲಿಲ್ಲ. ಕೈ ಎಲ್ಲಿ ಇಡಬೇಕೆಂದೂ ತಿಳಿಯಲಿಲ್ಲ. ಹಾಡು ಮುಗಿಯುವವರೆಗೆ ಗೋಡೆ ನೋಡುತ್ತ ಹಾಗೇ ನಿಂತಿದ್ದೆ. ನಿಂತೇ ಇದ್ದೆ, ಇದನ್ನು ಆಣೆ ಮಾಡಿ ಹೇಳುತ್ತೇನೆ.

ಹಾಡು ನಿಂತಾಗ ತಿರುಗಿ ನೋಡಿದೆ. ಮಗಳು ಶಾಲೆಯಿಂದ ಯಾವಾಗ ಬಂದಿದ್ದಳೋ, ಚೀಲ ಹೆಗಲಲ್ಲೇ ಇತ್ತು, ಬಾಗಿಲಿಗೆ ಒರಗಿಕೊಂಡು ನಗುತ್ತಿದ್ದಳು.

"ಯಾಕ ನಿಲ್ಲಿಸಿದಿ ಅವ್ವಾ?" ಎಂದಳು.